ಲೆಕ್ಕದ ದಾರಿ ಎಲ್ಲರಿಗೂ ಕಾಣುವಂತಿರಲಿ: ಹಂಚಿಕೆಯ ಕ್ಲೌಡ್ ನೋಟ್‌ಬುಕ್ ಸರ್ವರ್ ಮತ್ತು ಅದರ ನಿರ್ವಹಣೆ

ಗ್ರಾಮ ಪಂಚಾಯಿತಿ ಸದಸ್ಯರ ತಿಳಿವಳಿಕೆಗಾಗಿ ವಿವರಣಾತ್ಮಕ ಲೇಖನ



ಗ್ರಾಮ ಪಂಚಾಯಿತಿಯ ಸಾಮಾನ್ಯ ಸಭೆಯ ಮುಂದೆ ಬರುವ ಕಾಗದಪತ್ರಗಳಲ್ಲಿ ಅಂಕಿ ಅಂಶಗಳ ಪಾಲು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದೆ. ಮಳೆಯ ಕೊರತೆ ಶೇಕಡಾ ಎಷ್ಟು, ಅಂತರ್ಜಲ ಎಷ್ಟು ಮೀಟರ್ ಆಳಕ್ಕೆ ಇಳಿದಿದೆ, ಕುಡಿಯುವ ನೀರಿನ ಮಾದರಿಯಲ್ಲಿ ಫ್ಲೋರೈಡ್ ಪ್ರಮಾಣ ಎಷ್ಟು ಎಂಬ ಅಂಕಿಗಳನ್ನು ಆಧರಿಸಿಯೇ ಟ್ಯಾಂಕರ್ ನೀರು ಮೊದಲು ಯಾವ ಊರಿಗೆ ಹೋಗಬೇಕು, ಚೆಕ್ ಡ್ಯಾಂ ಎಲ್ಲಿ ಕಟ್ಟಬೇಕು, ಯಾವ ಕೊಳವೆಬಾವಿಯನ್ನು ಮುಚ್ಚಬೇಕು ಎಂಬ ನಿರ್ಧಾರಗಳಾಗುತ್ತವೆ. ಆದರೆ ಆ ಅಂಕಿ ಯಾವ ದಾರಿಯಲ್ಲಿ ಬಂದಿತೆಂಬುದು ಬಹುಪಾಲು ಕಾಗದಗಳಲ್ಲಿ ಇರುವುದಿಲ್ಲ. ಕೊನೆಯ ಮೊತ್ತವನ್ನು ಮಾತ್ರ ತೋರಿಸಿ ರಸೀದಿಗಳನ್ನು ತೋರಿಸದ ಜಮಾ ಖರ್ಚನ್ನು ಸದಸ್ಯರು ಒಪ್ಪುವುದಿಲ್ಲ. ಅದೇ ನಿಯಮವು ವೈಜ್ಞಾನಿಕ ಲೆಕ್ಕಕ್ಕೂ ಅನ್ವಯಿಸಬೇಕು.

ಲೆಕ್ಕದ ಪ್ರತಿ ಹೆಜ್ಜೆಯನ್ನೂ ತೆರೆದು ತೋರಿಸುವ ಒಂದು ಸಾಧನವನ್ನು ಜಗತ್ತಿನ ವಿಜ್ಞಾನಿಗಳು ಈಗ ವ್ಯಾಪಕವಾಗಿ ಬಳಸುತ್ತಿದ್ದಾರೆ. ಅದರ ಹೆಸರು ನೋಟ್‌ಬುಕ್. ಅನೇಕರು ಒಟ್ಟಾಗಿ ಬಳಸುವಂತೆ ಅದನ್ನು ಬಾಡಿಗೆಯ ಕಂಪ್ಯೂಟರಿನ ಮೇಲೆ ನಡೆಸುವ ವ್ಯವಸ್ಥೆಯೇ ಹಂಚಿಕೆಯ ಕ್ಲೌಡ್ ನೋಟ್‌ಬುಕ್ ಸರ್ವರ್. ಇಂತಹ ಸರ್ವರ್ ನಡೆಸುವುದು ವಿಶ್ವವಿದ್ಯಾಲಯ, ಸಂಶೋಧನಾ ಸಂಸ್ಥೆ ಅಥವಾ ಜಿಲ್ಲಾ ಮಟ್ಟದ ಕಚೇರಿಗೆ ಸಲ್ಲುವ ಕೆಲಸವೇ ಹೊರತು ಗ್ರಾಮ ಪಂಚಾಯಿತಿಯದ್ದಲ್ಲ. ಆದರೂ ಅದರೊಳಗೆ ಹೋಗುವ ಮಾಹಿತಿ ನಮ್ಮ ಊರಿನದು, ಅದರಿಂದ ಹೊರಬರುವ ಫಲಿತಾಂಶವು ನಮ್ಮ ಊರಿಗೆ ಸಂಬಂಧಿಸಿದ್ದು. ಆದಕಾರಣ ಅದು ಹೇಗೆ ನಡೆಯುತ್ತದೆ, ಎಲ್ಲಿ ತಪ್ಪಬಹುದು, ಸದಸ್ಯರು ಏನನ್ನು ಕೇಳಬಹುದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

1. ನೋಟ್‌ಬುಕ್ ಎಂದರೇನು?

ನೋಟ್‌ಬುಕ್ ಎಂಬುದು ಕಂಪ್ಯೂಟರಿನಲ್ಲಿ ತೆರೆಯುವ ಒಂದು ಉದ್ದನೆಯ ಪುಟ. ಈ ಪುಟವು ಸೆಲ್ ಎಂದು ಕರೆಯುವ ಚಿಕ್ಕ ಚಿಕ್ಕ ಭಾಗಗಳಿಂದ ಕೂಡಿರುತ್ತದೆ. ಒಂದು ಸೆಲ್‌ನಲ್ಲಿ ಸಾಮಾನ್ಯ ಭಾಷೆಯ ವಿವರಣೆ ಇರುತ್ತದೆ. ಮುಂದಿನ ಸೆಲ್‌ನಲ್ಲಿ ಕಂಪ್ಯೂಟರಿಗೆ ಕೊಟ್ಟ ಲೆಕ್ಕದ ಆದೇಶ ಇರುತ್ತದೆ. ಅದರ ಕೆಳಗೇ ಆ ಲೆಕ್ಕದ ಉತ್ತರ, ಕೋಷ್ಟಕ ಅಥವಾ ನಕ್ಷೆ ಮೂಡುತ್ತದೆ. ಹೀಗಾಗಿ ಮೂಲ ಅಂಕಿ, ಅದರ ಮೇಲೆ ಮಾಡಿದ ಲೆಕ್ಕ, ಬಂದ ಉತ್ತರ ಮತ್ತು ಅದರ ವಿವರಣೆ ನಾಲ್ಕನ್ನೂ ಒಂದೇ ಕಡೆ ಮೇಲಿನಿಂದ ಕೆಳಗೆ ಓದಬಹುದು. ವಿವರಣೆಯನ್ನು ಕನ್ನಡದಲ್ಲಿಯೇ ಬರೆಯಲು ಯಾವ ಅಡ್ಡಿಯೂ ಇಲ್ಲ.

ಹೆಚ್ಚು ಬಳಕೆಯಲ್ಲಿರುವುದು ಜುಪಿಟರ್ ನೋಟ್‌ಬುಕ್. ಫರ್ನಾಂಡೊ ಪೆರೆಜ್ ಎಂಬ ಭೌತವಿಜ್ಞಾನಿ 2001ರಲ್ಲಿ ಆರಂಭಿಸಿದ ಐಪೈಥಾನ್ ಎಂಬ ಕೆಲಸದಿಂದ 2014ರಲ್ಲಿ ಜುಪಿಟರ್ ಯೋಜನೆ ರೂಪುಗೊಂಡಿತು. ಜೂಲಿಯಾ, ಪೈಥಾನ್ ಮತ್ತು ಆರ್ ಎಂಬ ಮೂರು ಲೆಕ್ಕದ ಭಾಷೆಗಳ ಹೆಸರುಗಳಿಂದ ಅದರ ಹೆಸರು ಬಂದಿದೆ. ಇದು ಮುಕ್ತ ತಂತ್ರಾಂಶವಾಗಿದ್ದು, ಬಳಕೆಗೆ ಪರವಾನಗಿ ಶುಲ್ಕವಿಲ್ಲ.

ಇದರ ಮಹತ್ವಕ್ಕೆ ಒಂದು ಉದಾಹರಣೆ ಸಾಕು. ಗುರುತ್ವ ಅಲೆಗಳನ್ನು ಮೊದಲ ಬಾರಿಗೆ ನೇರವಾಗಿ ಪತ್ತೆಹಚ್ಚಿರುವುದಾಗಿ ಲೈಗೊ ವಿಜ್ಞಾನಿಗಳು 2016ರ ಫೆಬ್ರವರಿ 11ರಂದು ಪ್ರಕಟಿಸಿದಾಗ, ಫಲಿತಾಂಶವನ್ನು ಘೋಷಿಸಿ ಸುಮ್ಮನಾಗಲಿಲ್ಲ. ಆ ಘಟನೆಯ ದತ್ತಾಂಶವನ್ನೂ ಅದನ್ನು ವಿಶ್ಲೇಷಿಸುವ ನೋಟ್‌ಬುಕ್ಕನ್ನೂ ಸಾರ್ವಜನಿಕರಿಗೆ ತೆರೆದಿಟ್ಟರು. ಆಸಕ್ತಿಯುಳ್ಳ ಯಾವ ವಿದ್ಯಾರ್ಥಿಯಾದರೂ ಅದೇ ಲೆಕ್ಕವನ್ನು ತಾನೇ ನಡೆಸಿ ನೋಡಬಹುದಾಗಿತ್ತು. ವಿಶ್ವದ ಅತಿ ಸೂಕ್ಷ್ಮ ಅಳತೆಗೆ ಸಾಧ್ಯವಾದ ಈ ಪಾರದರ್ಶಕತೆ ನಮ್ಮ ಊರಿನ ಮಳೆಯ ಲೆಕ್ಕಕ್ಕೂ ಸಾಧ್ಯ.

2. ಹಂಚಿಕೆಯ ಸರ್ವರ್ ಏಕೆ?

ನೋಟ್‌ಬುಕ್ಕನ್ನು ಒಬ್ಬರು ತಮ್ಮ ಸ್ವಂತ ಲ್ಯಾಪ್‌ಟಾಪಿನಲ್ಲಿಯೂ ನಡೆಸಬಹುದು. ಆಗ ಪ್ರತಿಯೊಬ್ಬರ ಯಂತ್ರದಲ್ಲಿಯೂ ಬೇರೆ ಬೇರೆ ಆವೃತ್ತಿಯ ತಂತ್ರಾಂಶ ಇರುತ್ತದೆ, ದತ್ತಾಂಶದ ಕಡತಗಳು ಪೆನ್ ಡ್ರೈವ್‌ಗಳಲ್ಲಿ ಹರಿದಾಡುತ್ತವೆ, ಸಿಬ್ಬಂದಿ ವರ್ಗಾವಣೆಯಾದರೆ ಕೆಲಸವೂ ಅವರೊಂದಿಗೆ ಹೋಗುತ್ತದೆ. ಹಂಚಿಕೆಯ ಸರ್ವರ್‌ನಲ್ಲಿ ತಂತ್ರಾಂಶವೂ ದತ್ತಾಂಶವೂ ಒಂದೇ ಕಡೆ ಇರುತ್ತವೆ. ಬಳಕೆದಾರರು ಬ್ರೌಸರ್‌ನಲ್ಲಿ ವಿಳಾಸ ತೆರೆದು, ತಮ್ಮ ಹೆಸರು ಮತ್ತು ಪಾಸ್‌ವರ್ಡ್ ಕೊಟ್ಟು ಒಳಗೆ ಹೋಗುತ್ತಾರೆ. ಲೆಕ್ಕವು ದೂರದ ಸರ್ವರ್‌ನಲ್ಲಿ ನಡೆಯುವುದರಿಂದ ಹಳೆಯ ಕಂಪ್ಯೂಟರ್ ಇದ್ದರೂ ಸಾಕು.

ಇದಕ್ಕೆ ಬಳಸುವ ತಂತ್ರಾಂಶ ಜುಪಿಟರ್‌ಹಬ್. ಇದರಲ್ಲಿ ಮೂರು ಅಂಗಗಳಿವೆ. ಮೊದಲನೆಯದು ಬಂದವರನ್ನು ಅವರವರ ಜಾಗಕ್ಕೆ ಕಳುಹಿಸುವ ಹೆಬ್ಬಾಗಿಲು. ಎರಡನೆಯದು ಬಂದವರು ಯಾರೆಂದು ಪರಿಶೀಲಿಸುವ ನೋಂದಣಿ ಮೇಜು. ಮೂರನೆಯದು ಪ್ರತಿಯೊಬ್ಬರಿಗೂ ಪ್ರತ್ಯೇಕವಾಗಿ ತೆರೆದುಕೊಡುವ ಕೊಠಡಿ. ಒಬ್ಬರ ಕೊಠಡಿಯ ಕಡತಗಳು ಇನ್ನೊಬ್ಬರಿಗೆ ಕಾಣದಂತೆಯೂ, ಎಲ್ಲರಿಗೂ ಬೇಕಾದ ದತ್ತಾಂಶ ಓದಲು ಮಾತ್ರ ಸಿಗುವಂತೆಯೂ ಇದನ್ನು ಹೊಂದಿಸಬಹುದು.

ಅಮೆರಿಕದ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವು ಇಂತಹ ಸರ್ವರ್ ಮೂಲಕ ಸಾವಿರಾರು ವಿದ್ಯಾರ್ಥಿಗಳಿಗೆ ದತ್ತಾಂಶ ವಿಜ್ಞಾನ ಬೋಧಿಸುತ್ತಿದೆ. ಅಷ್ಟು ದೊಡ್ಡ ಬಳಕೆಗೆ ಅನೇಕ ಯಂತ್ರಗಳನ್ನು ಜೋಡಿಸುವ ಕುಬರ್ನೆಟೀಸ್ ಎಂಬ ವ್ಯವಸ್ಥೆ ಬೇಕು. ಆದರೆ ಒಂದು ಜಿಲ್ಲೆಯ ಮಟ್ಟದ ಬಳಕೆಗೆ ಅದು ಬೇಕಿಲ್ಲ. ಸುಮಾರು 100 ಜನರವರೆಗಿನ ಗುಂಪಿಗೆ ಒಂದೇ ಯಂತ್ರದ ಮೇಲೆ ನಡೆಯುವ ದಿ ಲಿಟ್ಲೆಸ್ಟ್ ಜುಪಿಟರ್‌ಹಬ್ ಎಂಬ ಸರಳ ಆವೃತ್ತಿ ಇದೆ. ಅಗತ್ಯಕ್ಕಿಂತ ದೊಡ್ಡ ವ್ಯವಸ್ಥೆಯನ್ನು ಕಟ್ಟಿದರೆ ಅದನ್ನು ನೋಡಿಕೊಳ್ಳುವವರು ಸಿಗದೆ ಅದು ಬೇಗ ನಿಂತುಹೋಗುವ ಸಂಭವ ಹೆಚ್ಚು.

3. ಅಂಕಿ ತಪ್ಪುವ ಬಗೆ: ನಾಲ್ಕು ಉದಾಹರಣೆಗಳು

ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಟೆಲಿಮೆಟ್ರಿಕ್ ಮಳೆಮಾಪಕಗಳನ್ನು ಅಳವಡಿಸಿದೆ. ಅವು 15 ನಿಮಿಷಕ್ಕೊಮ್ಮೆ ಮಳೆಯ ಅಳತೆಯನ್ನು ಕಳುಹಿಸುತ್ತವೆ. ಮಾಹಿತಿ ಸಾಕಷ್ಟಿದೆ. ಆದರೆ ಮಾಹಿತಿಯಿಂದ ತೀರ್ಮಾನಕ್ಕೆ ಬರುವ ದಾರಿಯಲ್ಲಿ ತಪ್ಪುಗಳು ನುಸುಳುತ್ತವೆ. ಕೆಳಗಿನ ಅಂಕಿಗಳು ವಿವರಣೆಗಾಗಿ ಕಲ್ಪಿಸಿಕೊಂಡವು.

ಮೊದಲಿಗೆ ಹವಾಮಾನ ಇಲಾಖೆಯ ವರ್ಗೀಕರಣವನ್ನು ನೆನಪಿಡಬೇಕು. ವಾಡಿಕೆ ಮಳೆಗಿಂತ ಶೇ. 19ರವರೆಗೆ ಕಡಿಮೆಯಾದರೂ ಅದು ವಾಡಿಕೆಯ ಮಳೆಯೇ. ಶೇ. 20ರಿಂದ 59ರಷ್ಟು ಕಡಿಮೆಯಾದರೆ ಕೊರತೆ. ಶೇ. 60ರಿಂದ 99ರಷ್ಟು ಕಡಿಮೆಯಾದರೆ ತೀವ್ರ ಕೊರತೆ.

ಅ. ಖಾಲಿ ಜಾಗವನ್ನು ಸೊನ್ನೆ ಎಂದು ಓದುವುದು: ಜುಲೈ ತಿಂಗಳ ವಾಡಿಕೆ ಮಳೆ 120 ಮಿ.ಮೀ. ಎಂದಿಟ್ಟುಕೊಳ್ಳೋಣ. ಮಳೆಮಾಪಕವು 22 ದಿನ ಕೆಲಸ ಮಾಡಿ 90 ಮಿ.ಮೀ. ದಾಖಲಿಸಿದೆ. ಉಳಿದ 9 ದಿನ ಬ್ಯಾಟರಿ ಕೆಟ್ಟು ಅಳತೆಯೇ ಬಂದಿಲ್ಲ. ಆ 9 ದಿನಗಳನ್ನು ಸೊನ್ನೆ ಎಂದು ಓದಿದರೆ ಮಳೆ ಶೇ. 25ರಷ್ಟು ಕಡಿಮೆ, ಅಂದರೆ ಕೊರತೆ. ನೆರೆಯ ಮಾಪಕವು ಅದೇ 9 ದಿನಗಳಲ್ಲಿ 18 ಮಿ.ಮೀ. ದಾಖಲಿಸಿದ್ದು, ಅದನ್ನು ಪರಿಗಣಿಸಿದರೆ ಒಟ್ಟು 108 ಮಿ.ಮೀ. ಆಗುತ್ತದೆ. ಆಗ ಮಳೆ ಶೇ. 10ರಷ್ಟು ಮಾತ್ರ ಕಡಿಮೆ, ಅಂದರೆ ವಾಡಿಕೆ. ಆಯ್ದುಕೊಂಡ ವಿಧಾನ ಬದಲಾದರೆ ತೀರ್ಮಾನವೇ ಬದಲಾಗುತ್ತದೆ. ಯಾವ ವಿಧಾನವನ್ನು ಆರಿಸಲಾಯಿತು ಎಂಬುದು ನೋಟ್‌ಬುಕ್‌ನಲ್ಲಿ ಕಾಣುತ್ತದೆ, ಅಂತಿಮ ಕೋಷ್ಟಕದಲ್ಲಿ ಕಾಣುವುದಿಲ್ಲ.

ಆ. ಸರಾಸರಿಯಲ್ಲಿ ಊರು ಮರೆಯಾಗುವುದು: ಹತ್ತಿರದ ನಾಲ್ಕು ಮಾಪಕಗಳಲ್ಲಿ 140, 130, 120 ಮತ್ತು 30 ಮಿ.ಮೀ. ಮಳೆ ದಾಖಲಾಗಿದೆ ಎಂದಿಟ್ಟುಕೊಳ್ಳೋಣ. ಸರಾಸರಿ 105 ಮಿ.ಮೀ. ವಾಡಿಕೆ 120 ಇದ್ದಲ್ಲಿ ಇದು ಶೇ. 12.5ರಷ್ಟು ಮಾತ್ರ ಕಡಿಮೆ. ಒಟ್ಟಾರೆ ಪ್ರದೇಶವು ವಾಡಿಕೆಯ ಪಟ್ಟಿಗೆ ಸೇರುತ್ತದೆ. ಆದರೆ 30 ಮಿ.ಮೀ. ಬಿದ್ದ ಊರಿನಲ್ಲಿ ಕೊರತೆ ಶೇ. 75. ಆ ಊರಿನ ಸದಸ್ಯರು ಸರಾಸರಿಯನ್ನಷ್ಟೇ ನೋಡಿ ಒಪ್ಪಿದರೆ ತಮ್ಮ ಜನರ ಸಂಕಷ್ಟವನ್ನು ಸಭೆಯ ಮುಂದಿಡುವ ಅವಕಾಶವನ್ನೇ ಕಳೆದುಕೊಳ್ಳುತ್ತಾರೆ.

ಇ. ಅಳತೆಯ ದಿಕ್ಕು ತಿರುಗುವುದು: ಬಾವಿಯ ನೀರಿನ ಮಟ್ಟವನ್ನು ನೆಲದಿಂದ ಕೆಳಗೆ ಎಷ್ಟು ಮೀಟರ್ ಎಂದು ಬರೆಯುತ್ತಾರೆ. 8 ಮೀಟರ್ ಇದ್ದದ್ದು 11 ಮೀಟರ್ ಆದರೆ ಅಂಕಿ ಏರಿದೆ, ನೀರು ಇಳಿದಿದೆ. ಇದನ್ನು ಗಮನಿಸದೆ ನಕ್ಷೆ ಬರೆದರೆ ನೀರು ಏರಿದಂತೆ ಕಾಣುತ್ತದೆ. ಅಲ್ಲದೆ ಕೇಂದ್ರ ಅಂತರ್ಜಲ ಮಂಡಳಿಯು ವೀಕ್ಷಣಾ ಬಾವಿಗಳನ್ನು ವರ್ಷಕ್ಕೆ ನಾಲ್ಕು ಬಾರಿ ಅಳೆಯುತ್ತದೆ. ಬೇಸಿಗೆಯ ಅಳತೆಯನ್ನು ಹಿಂದಿನ ನವೆಂಬರ್‌ನ ಅಳತೆಯೊಂದಿಗೆ ಹೋಲಿಸಿ ಅಂತರ್ಜಲ ಕುಸಿಯಿತೆನ್ನುವುದು ಸರಿಯಲ್ಲ. ಬೇಸಿಗೆಯನ್ನು ಬೇಸಿಗೆಯೊಂದಿಗೇ ಹೋಲಿಸಬೇಕು.

ಈ. ದಿನದ ಗಡಿ ಬದಲಾಗುವುದು: ಹವಾಮಾನ ಇಲಾಖೆಯ ಲೆಕ್ಕದಲ್ಲಿ ಒಂದು ದಿನದ ಮಳೆ ಎಂದರೆ ಆ ದಿನ ಬೆಳಿಗ್ಗೆ 8.30ಕ್ಕೆ ಮುಗಿಯುವ 24 ಗಂಟೆಗಳ ಮಳೆ. 14ರ ರಾತ್ರಿ ಬಿದ್ದ ಮಳೆ 15ರ ಲೆಕ್ಕಕ್ಕೆ ಸೇರುತ್ತದೆ. ಬೆಳೆಹಾನಿಯ ದಿನಾಂಕವನ್ನು ಮಳೆಯ ದಾಖಲೆಯೊಂದಿಗೆ ಹೊಂದಿಸುವಾಗ ಈ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

4. ಸರ್ವರ್ ನಡೆಸುವವರ ಕರ್ತವ್ಯಗಳು

ಸರ್ವರ್ ಸ್ಥಾಪಿಸುವುದು ಒಂದು ದಿನದ ಕೆಲಸ. ಅದನ್ನು ನಡೆಸುವುದು ನಿತ್ಯದ ಕೆಲಸ. ಓವರ್‌ಹೆಡ್ ಟ್ಯಾಂಕ್ ಕಟ್ಟಿ ನೀರಗಂಟಿಯನ್ನು ನೇಮಿಸದಿದ್ದರೆ ಊರಿಗೆ ನೀರು ಹೇಗೆ ಸಿಗುವುದಿಲ್ಲವೋ ಹಾಗೆಯೇ ಇದೂ. ನಿರ್ವಾಹಕರ ಕರ್ತವ್ಯಗಳು ಐದು.

ಅ. ಪ್ರವೇಶದ ನಿಯಂತ್ರಣ: ಪ್ರತಿಯೊಬ್ಬ ಬಳಕೆದಾರರಿಗೂ ಪ್ರತ್ಯೇಕ ಹೆಸರು ಮತ್ತು ಪಾಸ್‌ವರ್ಡ್ ಇರಬೇಕು. ಕಚೇರಿಗೆಲ್ಲ ಒಂದೇ ಪಾಸ್‌ವರ್ಡ್ ಎಂಬ ಪದ್ಧತಿ ಸಲ್ಲದು. ಯಾರು ಏನು ಬದಲಾಯಿಸಿದರೆಂದು ಆಗ ತಿಳಿಯುವುದಿಲ್ಲ. ಕೆಲವು ಹೊಂದಿಕೆಗಳಲ್ಲಿ ಬಳಕೆದಾರರು ಮೊದಲ ಬಾರಿ ಕೊಟ್ಟ ಪಾಸ್‌ವರ್ಡ್ ಅದೇ ಅವರ ಕಾಯಂ ಪಾಸ್‌ವರ್ಡ್ ಆಗುತ್ತದೆ. ಅಂತಹ ಕಡೆ ನಿರ್ವಾಹಕರು ವಿಳಾಸವನ್ನು ಎಲ್ಲರಿಗೂ ತಿಳಿಸುವ ಮೊದಲೇ ತಮ್ಮ ಪಾಸ್‌ವರ್ಡ್ ನಿಗದಿಪಡಿಸಿಕೊಳ್ಳಬೇಕು. ನೋಟ್‌ಬುಕ್ ಎಂದರೆ ಕಂಪ್ಯೂಟರಿಗೆ ಯಾವ ಆದೇಶವನ್ನಾದರೂ ಕೊಡಬಲ್ಲ ಸಾಧನ. ಪಾಸ್‌ವರ್ಡ್ ಇಲ್ಲದೆ ತೆರೆದಿಟ್ಟ ಇಂತಹ ಸರ್ವರ್‌ಗಳನ್ನು ಅಂತರ್ಜಾಲದಲ್ಲಿ ಹುಡುಕಿ, ಕ್ರಿಪ್ಟೋ ಕರೆನ್ಸಿ ಗಳಿಕೆಗೆ ದುರುಪಯೋಗ ಮಾಡಿಕೊಂಡ ಪ್ರಕರಣಗಳು ಜಗತ್ತಿನ ಹಲವೆಡೆ ವರದಿಯಾಗಿವೆ. ಬಾಡಿಗೆಯ ಬಿಲ್ಲು ಮಾತ್ರ ಸರ್ವರ್‌ನ ಮಾಲೀಕರಿಗೇ ಬರುತ್ತದೆ.

ಆ. ಮೆಮೊರಿಯ ಹಂಚಿಕೆ: ಸರ್ವರ್‌ನ ಮೆಮೊರಿಯು ಎಲ್ಲ ನಲ್ಲಿಗಳಿಗೂ ಒಂದೇ ಟ್ಯಾಂಕಿನ ನೀರಿದ್ದಂತೆ. ಒಬ್ಬರು ಭಾರಿ ಕಡತವನ್ನು ತೆರೆದರೆ ಉಳಿದವರ ಕೆಲಸ ನಿಲ್ಲಬಹುದು. ಆದಕಾರಣ ತಲಾ ಮಿತಿ ಹಾಕಬೇಕು. 16 ಜಿಬಿ ಮೆಮೊರಿಯ ಯಂತ್ರದಲ್ಲಿ 2 ಜಿಬಿಯನ್ನು ವ್ಯವಸ್ಥೆಗೆ ಮೀಸಲಿಟ್ಟು ತಲಾ 1 ಜಿಬಿ ಮಿತಿ ಹಾಕಿದರೆ, 14 ಜನ ಏಕಕಾಲದಲ್ಲಿ ಪೂರ್ತಿ ಮಿತಿಯವರೆಗೆ ಬಳಸಿದರೂ ತೊಂದರೆಯಾಗದು. ಮಿತಿ ಮೀರಿದವರ ಲೆಕ್ಕ ಮಾತ್ರ ನಿಲ್ಲುತ್ತದೆ. 40 ಜನರ ತರಬೇತಿ ಇದ್ದರೆ ತಂಡಗಳಾಗಿ ವಿಂಗಡಿಸಬೇಕು, ಅಥವಾ ಆ ದಿನದ ಮಟ್ಟಿಗೆ ದೊಡ್ಡ ಯಂತ್ರವನ್ನು ಬಾಡಿಗೆಗೆ ಪಡೆಯಬೇಕು. ಇಲ್ಲಿ ಲೆಕ್ಕ ಹಾಕಬೇಕಾದದ್ದು ಏಕಕಾಲದಲ್ಲಿ ಎಷ್ಟು ಜನ ಕೆಲಸ ಮಾಡುತ್ತಾರೆ ಎಂಬುದನ್ನು. ನೋಂದಾಯಿತರ ಒಟ್ಟು ಸಂಖ್ಯೆಯು ಡಿಸ್ಕ್‌ನ ಗಾತ್ರವನ್ನು ನಿರ್ಧರಿಸಲು ಬೇಕಾಗುತ್ತದೆ.

ಇ. ವೆಚ್ಚದ ಹಿಡಿತ: ಕ್ಲೌಡ್ ಎಂದರೆ ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಪಡೆದ ಯಂತ್ರ. 30 ದಿನಗಳ ತಿಂಗಳಲ್ಲಿ 720 ಗಂಟೆಗಳಿವೆ. ಕಚೇರಿಯ 22 ದಿನಗಳಲ್ಲಿ ದಿನಕ್ಕೆ 8 ಗಂಟೆ ಮಾತ್ರ ಬೇಕಾದರೆ ಒಟ್ಟು 176 ಗಂಟೆ, ಅಂದರೆ ನಾಲ್ಕನೇ ಒಂದು ಭಾಗಕ್ಕಿಂತಲೂ ಕಡಿಮೆ. ಉಳಿದ ಸಮಯದಲ್ಲಿ ಯಂತ್ರವನ್ನು ನಿಲ್ಲಿಸಿದರೆ ಯಂತ್ರದ ಬಾಡಿಗೆ ಅಷ್ಟೇ ಪ್ರಮಾಣದಲ್ಲಿ ಉಳಿಯುತ್ತದೆ. ಆದರೆ ಕಡತಗಳಿರುವ ಡಿಸ್ಕ್‌ನ ಬಾಡಿಗೆ ಯಂತ್ರ ನಿಂತಿದ್ದರೂ ಮುಂದುವರಿಯುತ್ತದೆ. ಯಾರೂ ಬಳಸದೆ ಬಿಟ್ಟ ಕೊಠಡಿಗಳನ್ನು ತಾನಾಗಿಯೇ ಮುಚ್ಚುವ ಏರ್ಪಾಡು ಜುಪಿಟರ್‌ಹಬ್‌ನಲ್ಲಿದೆ. ಹೀಗೆ ಮುಚ್ಚಿದಾಗ ಉಳಿಸಿದ ಕಡತಗಳಿಗೆ ಏನೂ ಆಗುವುದಿಲ್ಲ, ಲೆಕ್ಕವನ್ನು ಮಾತ್ರ ಮತ್ತೊಮ್ಮೆ ನಡೆಸಬೇಕಾಗುತ್ತದೆ. ಮಾಸಿಕ ವೆಚ್ಚ ನಿಗದಿತ ಮೊತ್ತ ತಲುಪಿದ ಕೂಡಲೇ ಎಚ್ಚರಿಕೆ ಬರುವಂತೆಯೂ ಮೊದಲೇ ಹೊಂದಿಸಿಡತಕ್ಕದ್ದು.

ಈ. ತಂತ್ರಾಂಶದ ಸ್ಥಿರತೆ: ಈ ವರ್ಷ ನಡೆದ ಲೆಕ್ಕ ಮುಂದಿನ ವರ್ಷವೂ ಅದೇ ಉತ್ತರ ಕೊಡಬೇಕಾದರೆ ಬಳಸಿದ ತಂತ್ರಾಂಶಗಳ ಹೆಸರು ಮತ್ತು ಆವೃತ್ತಿ ಸಂಖ್ಯೆಯನ್ನು ಬರೆದಿಡಬೇಕು. ಭದ್ರತಾ ಪರಿಷ್ಕರಣೆಗಳನ್ನು ತಪ್ಪದೆ ಅಳವಡಿಸಬೇಕು. ಆದರೆ ಪ್ರಮುಖ ವರದಿಯೊಂದು ನಡೆಯುತ್ತಿರುವಾಗ ಲೆಕ್ಕದ ತಂತ್ರಾಂಶವನ್ನು ಬದಲಿಸಬಾರದು.

ಉ. ಬ್ಯಾಕಪ್: ಕ್ಲೌಡ್‌ನಲ್ಲಿ ಇದ್ದ ಮಾತ್ರಕ್ಕೆ ಕಡತ ಸುರಕ್ಷಿತ ಎಂದು ಭಾವಿಸುವಂತಿಲ್ಲ. ಒಂದು ತಪ್ಪು ಆದೇಶದಿಂದ ಎಲ್ಲವೂ ಅಳಿಸಿಹೋಗಬಹುದು. ಬೇರೊಂದು ಸ್ಥಳದಲ್ಲಿ ಪ್ರತಿ ಇರಬೇಕು, ಮತ್ತು ಆ ಪ್ರತಿಯಿಂದ ಕಡತವನ್ನು ಮರಳಿ ಪಡೆಯಲು ಸಾಧ್ಯವೇ ಎಂದು ಆಗಾಗ ಪರೀಕ್ಷಿಸಬೇಕು. ಮಳೆಮಾಪಕದಿಂದ ಬಂದ ಮೂಲ ಕಡತವನ್ನು ಯಾರೂ ತಿದ್ದದಂತೆ ಪ್ರತ್ಯೇಕವಾಗಿರಿಸಿ, ತಿದ್ದುಪಡಿಗಳೆಲ್ಲವನ್ನೂ ನೋಟ್‌ಬುಕ್‌ನಲ್ಲಿಯೇ ಮಾಡಬೇಕು.

5. ಜನರ ವೈಯಕ್ತಿಕ ಮಾಹಿತಿಯ ರಕ್ಷಣೆ

ಅಂತರ್ಜಲದ ಅಧ್ಯಯನಕ್ಕೆ ಬಾವಿಯ ಗುರುತಿನ ಸಂಖ್ಯೆ, ಸ್ಥಳ, ಆಳ ಮತ್ತು ಅಳತೆಯ ದಿನಾಂಕ ಸಾಕು. ರೈತರ ಹೆಸರು, ಮೊಬೈಲ್ ಸಂಖ್ಯೆ, ಆಧಾರ್ ಸಂಖ್ಯೆ ಬೇಕಿಲ್ಲ. ಬೇಕಿಲ್ಲದ ಮಾಹಿತಿಯನ್ನು ಕೊಡದಿರುವುದೇ ಅತ್ಯುತ್ತಮ ರಕ್ಷಣೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವನ್ನು ಸಂಸತ್ತು 2023ರಲ್ಲಿ ಅಂಗೀಕರಿಸಿದ್ದು, ಜನರ ವೈಯಕ್ತಿಕ ಮಾಹಿತಿಯನ್ನು ನಿರ್ವಹಿಸುವವರ ಹೊಣೆಯನ್ನು ಅದು ನಿರೂಪಿಸುತ್ತದೆ.

ನೋಟ್‌ಬುಕ್‌ಗೆ ಸಂಬಂಧಿಸಿ ಒಂದು ವಿಶೇಷ ಎಚ್ಚರಿಕೆ ಅಗತ್ಯ. ಲೆಕ್ಕದ ಉತ್ತರವಾಗಿ ಮೂಡಿದ ಕೋಷ್ಟಕವು ನೋಟ್‌ಬುಕ್‌ನ ಕಡತದೊಳಗೇ ಉಳಿದುಬಿಡುತ್ತದೆ. ಹೆಸರುಗಳಿದ್ದ ಮೂಲ ಕಡತವನ್ನು ಅಳಿಸಿದರೂ ನೋಟ್‌ಬುಕ್‌ನಲ್ಲಿ ಮೂಡಿದ ಹೆಸರುಗಳು ಹಾಗೆಯೇ ಇರುತ್ತವೆ. ಬೇರೆಯವರಿಗೆ ಕಳುಹಿಸುವ ಮುನ್ನ ಅಂತಹ ಉತ್ತರಗಳನ್ನು ತೆರವುಗೊಳಿಸಬೇಕು.

6. ನೋಟ್‌ಬುಕ್‌ಗೂ ಮಿತಿಗಳಿವೆ

ನೋಟ್‌ಬುಕ್‌ನಲ್ಲಿರುವ ಸೆಲ್‌ಗಳನ್ನು ಯಾವ ಕ್ರಮದಲ್ಲಿಯಾದರೂ ನಡೆಸಬಹುದು. ಹತ್ತನೆಯದನ್ನು ನಡೆಸಿ ಆಮೇಲೆ ಮೂರನೆಯದನ್ನು ತಿದ್ದಿದರೆ, ಪುಟದಲ್ಲಿ ಕಾಣುವ ಲೆಕ್ಕಕ್ಕೂ ಉತ್ತರಕ್ಕೂ ಹೊಂದಿಕೆ ಇರುವುದಿಲ್ಲ. ಪರಿಹಾರ ಸರಳ. ವರದಿ ಕೊಡುವ ಮುನ್ನ ನೋಟ್‌ಬುಕ್ಕನ್ನು ಹೊಸದಾಗಿ ಆರಂಭಿಸಿ ಮೇಲಿನಿಂದ ಕೆಳಗಿನವರೆಗೆ ಒಮ್ಮೆ ಪೂರ್ತಿ ನಡೆಸಬೇಕು. ಹಾಗೆ ನಡೆಸಿದಾಗ ಸೆಲ್‌ಗಳ ಪಕ್ಕದ ಸಂಖ್ಯೆಗಳು 1, 2, 3 ಎಂದು ಸರಣಿಯಲ್ಲಿರುತ್ತವೆ. ಲೆಕ್ಕದ ಭಾಷೆ ಬಾರದವರೂ ಇದನ್ನು ಕಣ್ಣಳತೆಯಲ್ಲೇ ಪರಿಶೀಲಿಸಬಹುದು.

ನಕ್ಷೆಗಳೊಳಗಿನ ಕನ್ನಡ ಒತ್ತಕ್ಷರಗಳು ಕೆಲವೊಮ್ಮೆ ಬಿಡಿಬಿಡಿಯಾಗಿ ಮೂಡುತ್ತವೆ. ಮುದ್ರಿಸುವ ಮುನ್ನ ಊರಿನ ಹೆಸರುಗಳನ್ನು ಓದಿ ನೋಡತಕ್ಕದ್ದು. ಇಂಟರ್‌ನೆಟ್ ಕಡಿತವಾದರೆ ಸರ್ವರ್ ತಲುಪಲಾಗುವುದಿಲ್ಲ. ಆದ್ದರಿಂದ ಸಭೆಗೆ ಬೇಕಾದ ನೋಟ್‌ಬುಕ್‌ನ ಪಿಡಿಎಫ್ ಪ್ರತಿಯನ್ನು ಮೊದಲೇ ಪಡೆದಿಡುವುದು ಒಳಿತು.

ಎಲ್ಲಕ್ಕಿಂತ ಮುಖ್ಯವಾಗಿ, ತಪ್ಪು ಅಳತೆಯನ್ನು ಸರ್ವರ್ ಸರಿಪಡಿಸಲಾರದು. ಮಳೆಮಾಪಕದ ಮೇಲೆ ಮರದ ಕೊಂಬೆ ಬಾಗಿದ್ದರೆ, ಅದರ ಬಾಯಿಯಲ್ಲಿ ಎಲೆ ಕಟ್ಟಿದ್ದರೆ, ಅಳತೆ ತೆಗೆಯುವ ಮುನ್ನವಷ್ಟೇ ಪಕ್ಕದ ಪಂಪ್ ಓಡುತ್ತಿದ್ದರೆ ಎಷ್ಟು ಒಳ್ಳೆಯ ಲೆಕ್ಕವೂ ತಪ್ಪು ಉತ್ತರವನ್ನೇ ಕೊಡುತ್ತದೆ. ಇದನ್ನು ಕಣ್ಣಾರೆ ನೋಡಿ ಹೇಳಬಲ್ಲವರು ಊರಿನವರು ಮಾತ್ರ.

7. ಸದಸ್ಯರು ಕೇಳಬಹುದಾದ ಪ್ರಶ್ನೆಗಳು

2019ರ ಡಿಸೆಂಬರ್ 25ರಂದು ಆರಂಭವಾದ ಅಟಲ್ ಭೂಜಲ ಯೋಜನೆಯು ಕರ್ನಾಟಕ ಸೇರಿದಂತೆ 7 ರಾಜ್ಯಗಳಲ್ಲಿ ಗ್ರಾಮ ಪಂಚಾಯಿತಿ ಮಟ್ಟದ ನೀರಿನ ಆಯವ್ಯಯ ಮತ್ತು ಜಲ ಸುರಕ್ಷತಾ ಯೋಜನೆಯ ಪದ್ಧತಿಯನ್ನು ರೂಢಿಗೆ ತಂದಿತು. ಇಂತಹ ಯೋಜನೆಯಾಗಲಿ, ಸಂಶೋಧನಾ ತಂಡದ ವರದಿಯಾಗಲಿ ಸಭೆಯ ಮುಂದೆ ಬಂದಾಗ ಕೆಳಗಿನ ಪ್ರಶ್ನೆಗಳನ್ನು ಕೇಳಬಹುದು. ಇವುಗಳಿಗೆ ತಾಂತ್ರಿಕ ಜ್ಞಾನ ಅಗತ್ಯವಿಲ್ಲ.

• ಈ ಅಂಕಿಯ ಲೆಕ್ಕದ ನೋಟ್‌ಬುಕ್ ಇದೆಯೇ? ಅದರ ಪ್ರತಿಯನ್ನು ಪಂಚಾಯಿತಿಗೆ ಕೊಡುವಿರಾ?
• ಅಳತೆ ಬಾರದ ದಿನಗಳು ಎಷ್ಟು? ಅವುಗಳನ್ನು ಹೇಗೆ ಪರಿಗಣಿಸಿದ್ದೀರಿ?
• ಇದು ನಮ್ಮ ಪಂಚಾಯಿತಿಯ ಅಂಕಿಯೋ, ಹೋಬಳಿ ಅಥವಾ ತಾಲ್ಲೂಕಿನ ಸರಾಸರಿಯೋ?
• ಯಾವ ತಿಂಗಳನ್ನು ಯಾವ ತಿಂಗಳೊಂದಿಗೆ ಹೋಲಿಸಿದ್ದೀರಿ?
• ನೋಟ್‌ಬುಕ್ಕನ್ನು ಮೊದಲಿನಿಂದ ಕೊನೆಯವರೆಗೆ ಒಮ್ಮೆ ಪೂರ್ತಿ ನಡೆಸಿ ನೋಡಲಾಗಿದೆಯೇ?
• ನಮ್ಮ ಜನರ ಹೆಸರು, ದೂರವಾಣಿ ಸಂಖ್ಯೆ ಇದರಲ್ಲಿ ಸೇರಿವೆಯೇ? ಸರ್ವರ್ ಪ್ರವೇಶ ಯಾರ್‍ಯಾರಿಗೆ ಇದೆ?
• ಯೋಜನೆ ಮುಗಿದ ಮೇಲೆ ದತ್ತಾಂಶ ಎಲ್ಲಿರುತ್ತದೆ? ಸರ್ವರ್ ಬಾಡಿಗೆಯನ್ನು ಯಾರು ಭರಿಸುತ್ತಾರೆ?

ಕೊನೆಯ ಪ್ರಶ್ನೆಗೆ ಹೆಚ್ಚಿನ ಗಮನ ಕೊಡಬೇಕು. ಅನುದಾನ ಮುಗಿದು ಬಾಡಿಗೆ ನಿಂತ ದಿನ ಸರ್ವರ್‌ನೊಂದಿಗೆ ಊರಿನ ಹಲವು ವರ್ಷಗಳ ಅಳತೆಗಳೂ ಕಣ್ಮರೆಯಾಗಬಹುದು. ಆದ್ದರಿಂದ ಮೂಲ ದತ್ತಾಂಶ ಮತ್ತು ನೋಟ್‌ಬುಕ್‌ಗಳ ಒಂದು ಪ್ರತಿಯನ್ನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯವರ ವಶಕ್ಕೆ ಕೊಡಬೇಕೆಂಬ ಷರತ್ತನ್ನು ಅಧ್ಯಯನಕ್ಕೆ ಒಪ್ಪಿಗೆ ನೀಡುವ ಠರಾವಿನಲ್ಲಿಯೇ ಸೇರಿಸುವುದು ಸೂಕ್ತ.

ಅಂಕಿಯೊಂದನ್ನು ಪ್ರಶ್ನಿಸುವುದೆಂದರೆ ಅಧಿಕಾರಿಗಳ ಅಥವಾ ವಿಜ್ಞಾನಿಗಳ ಮೇಲೆ ಅಪನಂಬಿಕೆ ತೋರಿದಂತಲ್ಲ. ಲೆಕ್ಕದ ದಾರಿ ತೆರೆದಿದ್ದಾಗ ತಪ್ಪು ಬೇಗ ಸಿಗುತ್ತದೆ, ಸರಿಯಾದ ಲೆಕ್ಕಕ್ಕೆ ಜನರ ಒಪ್ಪಿಗೆಯೂ ಬೇಗ ದೊರೆಯುತ್ತದೆ. ಮುಂದಿನ ಮಳೆಗಾಲಕ್ಕೆ ಮುನ್ನ ಸದಸ್ಯರು ತಮ್ಮ ವ್ಯಾಪ್ತಿಯ ಮಳೆಮಾಪಕ ಮತ್ತು ವೀಕ್ಷಣಾ ಬಾವಿ ಎಲ್ಲಿವೆ, ಅವು ಸುಸ್ಥಿತಿಯಲ್ಲಿವೆಯೇ ಎಂಬುದನ್ನು ಸ್ವತಃ ನೋಡಿ ಬರುವುದು ಅಪೇಕ್ಷಣೀಯ. ಲೋಪ ಕಂಡುಬಂದಲ್ಲಿ ಲಿಖಿತವಾಗಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯವರ ಗಮನಕ್ಕೆ ತರುವುದು ಮತ್ತು ಈ ಲೇಖನದ 7ನೇ ಭಾಗದ ಪ್ರಶ್ನೆಗಳನ್ನು ಮುಂದಿನ ಸಾಮಾನ್ಯ ಸಭೆಯಲ್ಲಿ ಓದಿ ಚರ್ಚಿಸುವುದು.